ಶೇಂಗಾ ಹೊಟ್ಟಿನ ವಾಟರ್ ಫಿಲ್ಟರ್: ನಾಲ್ಕು ತಿಂಗಳು ಬಳಸಿದ ಮೇಲೆ

ನಮ್ಮವ್ವನ ರಿವ್ಯೂ ಮೊದಲು ಹೇಳಿಬಿಡುತ್ತೇನೆ, ಅದು ಚಿಕ್ಕದು. "ಒಲೆಗೆ ಹಾಕೋ ಹೊಟ್ಟಿಗೆ ಎರಡು ಸಾವಿರದ ಎಂಟುನೂರು ಕೊಟ್ಟು ಬಂದ್ಯೇನೋ?" ಡಬ್ಬಿ ಬಿಚ್ಚಿ ಐದು ನಿಮಿಷ ಆಗಿರಲಿಲ್ಲ. ಅವ್ವ ಚಳ್ಳಕೆರೆ ಕಡೆಯವಳು, ಶೇಂಗಾ ಹೊಟ್ಟನ್ನು ಎಷ್ಟೇ ಪುಡಿ ಮಾಡಿ ಪಾರದರ್ಶಕ ಕೊಳವೆಯೊಳಗೆ ತುಂಬಿಟ್ಟರೂ ಗುರುತು ಹಿಡಿಯುತ್ತಾಳೆ.

ನಾನಿರೋದು ಚಿತ್ರದುರ್ಗದಲ್ಲಿ. ಮನೆಗೆ ಬೋರ್ ನೀರು. ಅಂಗಡಿಯವನು ಹೇಳಿದ್ದು ಇಷ್ಟು: ಈ ಫಿಲ್ಟರಲ್ಲಿ ಕೆಮಿಕಲ್ ಇಲ್ಲ, ಕರೆಂಟ್ ಬೇಡ, ನೀರು ವೇಸ್ಟ್ ಆಗಲ್ಲ, ಸೀಸ, ಕ್ಯಾಡ್ಮಿಯಂ, ತಾಮ್ರ ಎಲ್ಲಾ ಹೋಗ್ತದೆ, "ಫ್ಲೋರೈಡ್ ಕೂಡ ಹೋಗ್ತದೆ ಸಾರ್". ಆಮೇಲೆ ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಅದ್ದಿ ತೋರಿಸಿದ. 640 ಇದ್ದದ್ದು 610 ಆಯಿತು. ನಾನು ತಲೆಯಾಡಿಸಿ ದುಡ್ಡು ಕೊಟ್ಟೆ.

ಮೊದಲ ಮೂರು ದಿನ ನೀರು ಲೈಟ್ ಟೀ ಬಣ್ಣದಲ್ಲಿ ಬಂತು. ತೊಳೆದು ತೊಳೆದು ಬಿಟ್ಟ ಮೇಲೆ ತಿಳಿಯಾಯಿತು, ಆದರೆ ನೆನೆಸಿಟ್ಟ ಶೇಂಗಾದ ವಾಸನೆ ಎರಡು ವಾರ ಇತ್ತು. ಕಂಪನಿಗೆ ಫೋನ್ ಮಾಡಿದರೆ "ನ್ಯಾಚುರಲ್ ಸಾರ್" ಅಂದರು. ಸಗಣಿಯೂ ನ್ಯಾಚುರಲ್ಲೇ ಅಲ್ವಾ.

ಅನುಮಾನ ಬಂದು ಅಕ್ಕನ ಮಗಳನ್ನು ಕೇಳಿದೆ. ದಾವಣಗೆರೆಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಾಡುತ್ತಿದ್ದಾಳೆ. ನಾನು ಅಂದುಕೊಂಡಿದ್ದು ಅವಳೂ ನಗುತ್ತಾಳೆ ಅಂತ. ನಗಲಿಲ್ಲ. "ಮಾಮ, ವಿಷಯ ಸುಳ್ಳಲ್ಲ" ಅಂದು ಮುಂದಿನ ಭಾನುವಾರ ಮೈಲುತುತ್ತ, ಅಮೋನಿಯಾ ತಂದಳು. ಮೈಲುತುತ್ತ ಅಂದರೆ ಚನ್ನಗಿರಿ ಕಡೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಹಾಕುತ್ತಾರಲ್ಲ, ಅದೇ ನೀಲಿ ಹರಳು, ಅದರಲ್ಲಿರೋದು ತಾಮ್ರ. ಒಂದು ಲೀಟರ್ ನೀರಿಗೆ ಒಂದೇ ಚಿಟಿಕೆ ಹಾಕಿದಳು, ನೀರಿಗೆ ಬಣ್ಣವೇ ಕಾಣಲಿಲ್ಲ. ಅರ್ಧವನ್ನು ಹಾಗೇ ಇಟ್ಟು, ಇನ್ನರ್ಧಕ್ಕೆ ಚೆನ್ನಾಗಿ ತೊಳೆದ ಹೊಟ್ಟಿನ ಪುಡಿ ಒಂದು ಹಿಡಿ ಹಾಕಿ, ಆಗಾಗ ಅಲ್ಲಾಡಿಸುತ್ತಾ ಎರಡು ತಾಸು ಬಿಟ್ಟು ಸೋಸಿದಳು. ಆಮೇಲೆ ಎರಡಕ್ಕೂ ಅಮೋನಿಯಾ ಬಿಟ್ಟಳು. ಹಾಗೇ ಇಟ್ಟಿದ್ದ ನೀರು ನೀಲಿಗೆ ತಿರುಗಿತು. ಹೊಟ್ಟು ಹಾಕಿದ ನೀರಲ್ಲಿ ನೀಲಿ ಇದೆಯೋ ಇಲ್ಲವೋ ಅಂತ ಬೆಳಕಿಗೆ ಹಿಡಿದು ನೋಡಬೇಕಾಯಿತು. ಅವ್ವ ಕೂಡ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. (ಅಡುಗೆ ಪಾತ್ರೆಯಲ್ಲಿ ಇದನ್ನು ಮಾಡಬೇಡಿ, ಮೈಲುತುತ್ತ ವಿಷ.)

ಅವಳು ಹೇಳಿದ್ದು ನನ್ನ ಮಾತಲ್ಲಿ: ಹೊಟ್ಟಿನಲ್ಲಿ ಸೆಲ್ಯುಲೋಸ್, ಲಿಗ್ನಿನ್ ಇರುತ್ತವೆ, ಅವುಗಳ ಮೈಮೇಲೆ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಅನ್ನೋ ಪರಮಾಣು ಗುಂಪುಗಳು, ಸೀಸ, ತಾಮ್ರದಂಥ ಧನ ವಿದ್ಯುದಂಶದ ಕಣಗಳು ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಶೇಂಗಾ ಹೊಟ್ಟು ಮಾತ್ರ ಅಲ್ಲ, ಭತ್ತದ ಹೊಟ್ಟು, ಕಿತ್ತಳೆ ಸಿಪ್ಪೆ, ಬಾಳೆ ಸಿಪ್ಪೆ, ತೆಂಗಿನ ನಾರು ಎಲ್ಲದರಲ್ಲೂ ಇದನ್ನು ಲ್ಯಾಬಲ್ಲಿ ಮಾಡಿ ನೋಡಿದ್ದಾರಂತೆ. ಆದರೆ ಅಂಟಿಕೊಳ್ಳೋ ಜಾಗ, ಅಂದರೆ ಸೀಟು, ಲೆಕ್ಕದ್ದು. ಚಳ್ಳಕೆರೆ ಬಸ್ಸು ಇದ್ದ ಹಾಗೆ, ನಮ್ಮ ಗಡುಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲೇ ಹತ್ತಿ ಕೂತಿರುತ್ತವೆ. ಸೀಸ ಬಂದರೆ ಒಂದಿಷ್ಟನ್ನು ಎಬ್ಬಿಸಿ ಕೂರುತ್ತದೆ ನಿಜ, ಆದರೂ ಲ್ಯಾಬಿನ ಶುದ್ಧ ನೀರಲ್ಲಿ ಬಂದಷ್ಟು ರಿಸಲ್ಟ್ ಬೋರ್ ನೀರಲ್ಲಿ ಬರುವುದಿಲ್ಲ. ನೀರು ಹುಳಿ ಇದ್ದರೆ ಇನ್ನೂ ಕಷ್ಟ. ಅಂಟಿದ ಲೋಹವನ್ನು ಬಿಡಿಸಲು ಲ್ಯಾಬಲ್ಲಿ ಆಸಿಡ್ಡನ್ನೇ ಬಳಸುತ್ತಾರಂತೆ.

ಇನ್ನು ಫ್ಲೋರೈಡ್. ಅದು ಲೋಹವೇ ಅಲ್ಲ, ಋಣ ವಿದ್ಯುದಂಶದ್ದು, ಬರೀ ಹೊಟ್ಟು ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಅಲ್ಯುಮಿನಾ ಇಲ್ಲವೇ ಆರ್‌ಓ ಬೇಕು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನಿಂದ ಬರೋ ಕಂದು ಗೆರೆ ನೋಡಿದವರಿಗೆ ಗೊತ್ತು ಇಲ್ಲಿನ ನಿಜವಾದ ತಲೆನೋವು ಯಾವುದು ಅಂತ. ಇಂಥ ಊರಲ್ಲಿ ಆ ಒಂದು ಮಾತು ಹೇಳಿ ಮಾರಿದ್ದಕ್ಕೆ ನನಗೆ ಸಿಟ್ಟು, ಬೇರೆ ಯಾವುದಕ್ಕೂ ಅಲ್ಲ.

ಕೊನೆಗೆ ಫಿಲ್ಟರಿಗೆ ಹೋಗೋ ನೀರು ಒಂದು ಬಾಟಲಿ, ಬರೋ ನೀರು ಒಂದು ಬಾಟಲಿ ಲ್ಯಾಬಿಗೆ ಕೊಟ್ಟೆ. ಎರಡರಲ್ಲೂ ಸೀಸ "ಪತ್ತೆಯಾಗಿಲ್ಲ". ಕ್ಯಾಡ್ಮಿಯಂ "ಪತ್ತೆಯಾಗಿಲ್ಲ". ಫ್ಲೋರೈಡ್ ಹೋಗುವಾಗ 1.9, ಬರುವಾಗ 1.8. ಕುಡಿಯೋ ನೀರಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುತ್ತದೆ ಗುಣಮಟ್ಟದ ಮಾನದಂಡ ಹಾಕೋ ಸಂಸ್ಥೆ ಬಿಐಎಸ್. ಅಂದರೆ ಇಲ್ಲದ ಕಾಯಿಲೆಗೆ ಔಷಧಿ ತಂದಿದ್ದೆ, ಇರೋ ಕಾಯಿಲೆ ಹಾಗೇ ಇತ್ತು.

ಟಿಡಿಎಸ್ ಮೀಟರ್ ವಿಷಯ ಇಲ್ಲೇ ಹೇಳಬೇಕು. ಲೀಟರಿಗೆ ಸೀಸದ ಮಿತಿ 0.01 ಮಿಲಿಗ್ರಾಂ, ಕ್ಯಾಡ್ಮಿಯಂದು 0.003. ಆ ಮೀಟರ್ ತೋರಿಸೋದು ಒಂದು, ಎರಡು, ಮೂರು ಮಿಲಿಗ್ರಾಂ ಅಂತ ಇಡೀ ಅಂಕಿ, ಅದೂ ಎಲ್ಲಾ ಲವಣ ಸೇರಿಸಿ. ಹತ್ತಿ ಮೂಟೆ ತೂಗೋ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಯಾರಾದರೂ ಆ ಮೀಟರ್ ಅದ್ದಿ ಸೀಸ ಹೋಯಿತು ಅಂದರೆ ಸುಮ್ನೆ ಎದ್ದು ಬನ್ನಿ.

ಇನ್ನೆರಡು ದೂರು. ಡಬ್ಬಿ ಮೇಲೆ "ಆರು ತಿಂಗಳು ಬಾಳಿಕೆ" ಅಂತಿದೆ, ಎಷ್ಟು ಲೀಟರ್ ಅಂತಿಲ್ಲ. ಸೀಟು ತುಂಬಿದ ಮೇಲೆ ನೀರಿನ ರುಚಿ, ಬಣ್ಣ ಏನೂ ಬದಲಾಗುವುದಿಲ್ಲ, ಗೊತ್ತಾಗುವುದು ಹೇಗೆ? ಎರಡನೆಯದು, ನಾಯಕನಹಟ್ಟಿ ಜಾತ್ರೆಗೆ ಹೋಗಿ ಐದು ದಿನ ಬಿಟ್ಟು ಬಂದರೆ ಕೊಳವೆಯೊಳಗೆ ಲೋಳೆ ಕಟ್ಟಿತ್ತು. ಹಸಿ ಹೊಟ್ಟು ನೀರಲ್ಲಿ ನೆನೆದರೆ ಇನ್ನೇನಾಗುತ್ತದೆ. ತೆಂಗಿನ ಕರಟದ ಆಕ್ಟಿವೇಟೆಡ್ ಕಾರ್ಬನ್ ಎಷ್ಟೋ ಫಿಲ್ಟರಲ್ಲಿದೆ, 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರ್ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿ ಸೇರಿಸಿ ಮಾಡಿದ್ದು. ಒಂದು ಸುಟ್ಟ ಕರಟ, ಇನ್ನೊಂದು ಹೊಟ್ಟು ಸುಟ್ಟ ಬೂದಿ. ಹಸಿ ಹೊಟ್ಟನ್ನೇ ಅಡುಗೆಮನೆಗೆ ತಂದಿದ್ದು ಇವರು.

ಐದರಲ್ಲಿ ಎರಡು ಸ್ಟಾರ್. ಒಂದು ಐಡಿಯಾಗೆ, ಒಂದು ಲೀಕ್ ಆಗದ ನಲ್ಲಿಗೆ. ಕಾರ್ಖಾನೆಯ ಕೊಳಚೆ ನೀರಿಗೆ ಇದೇ ಹೊಟ್ಟು ಸರಿಯಾದ ಜಾಗ ಅನ್ನುತ್ತಾಳೆ ಅಕ್ಕನ ಮಗಳು, ಅಲ್ಲಿ ಲೋಹವೂ ಜಾಸ್ತಿ, ಟೀ ಬಣ್ಣಕ್ಕೆ ಯಾರೂ ಬೈಯುವುದೂ ಇಲ್ಲ.

ಈಗ ಕುಡಿಯಲು ಶುದ್ಧ ನೀರಿನ ಘಟಕದ ನೀರು, ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇನೆ. ಹಳೇ ಕಾರ್ಟ್ರಿಡ್ಜಿನ ಹೊಟ್ಟನ್ನು ಅವ್ವ ಹಂಡೆ ಒಲೆಗೆ ಹಾಕಲು ಹೊರಟಿದ್ದಳು. ತಡೆದೆ, ನಮ್ಮ ನೀರಲ್ಲಿ ಸೀಸ ಇಲ್ಲದಿರಬಹುದು, ಬೇರೆ ಏನೇನು ಹಿಡಿದು ಕೂತಿದೆಯೋ, ಸುಟ್ಟರೆ ಲೋಹವೇನೂ ಮಾಯ ಆಗುವುದಿಲ್ಲವಲ್ಲ. ತಿಪ್ಪೆಗೂ ಹಾಕುವಂತಿಲ್ಲ. ಎಲ್ಲಿ ಎಸೆಯಬೇಕು ಅಂತ ಡಬ್ಬಿ ಮೇಲೆ ಒಂದಕ್ಷರ ಇಲ್ಲ. ಸದ್ಯಕ್ಕೆ ಕವರಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ.