ಕಿಡ್ರನ್‌ನ ಲೇಮನ್ಸ್ ಅಂಗಡಿ: ಯಾವುದು ಕೊಳ್ಳಬಹುದು, ಯಾವುದು ಬೇಡ

ಒಹಾಯೋದ ಹಳ್ಳಿ ಕಡೆ ಸ್ವಲ್ಪ ಜಮೀನು ತಗೊಂಡು, ಕೋಳಿ, ಹಸು ಸಾಕಿಕೊಂಡು ಮಕ್ಕಳ ಜೊತೆ ಬದುಕಬೇಕು ಅಂತ ಆಸೆ ಇರುವ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ, ಸಾಮಾನು ಎಲ್ಲಿ ತಗೊಂಡಿರಿ ಅಂತ. ಕಿಡ್ರನ್‌ಗೆ ಹೋಗಿ ಅಂತಲೇ ಹೇಳುತ್ತೇನೆ. ಆದರೆ ಏನು ಬೇಕು ಅಂತ ಮನೆಯಲ್ಲೇ ಬರೆದುಕೊಂಡು ಹೋಗಿ. ಅಲ್ಲಿನ ಲೇಮನ್ಸ್ ದೊಡ್ಡ ಅಂಗಡಿ, ಕಣ್ಣಿಗೆ ಚೆಂದ ಕಾಣುವ ಸಾಮಾನು ತುಂಬಾ ಇದೆ, ಅದರಲ್ಲಿ ದಿನಾ ಕೈಗೆ ಬರುವಂಥದ್ದು ಕೆಲವೇ.

ಕಿಡ್ರನ್ ವೇನ್ ಕೌಂಟಿಯ ಸಣ್ಣ ಊರು. 1819ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳು ಇಲ್ಲಿ ನೆಲೆ ನಿಂತವು. ಪಕ್ಕದ ಹೋಮ್ಸ್ ಕೌಂಟಿಯಲ್ಲಿ ಆಮಿಶ್ ಜನ ಜಾಸ್ತಿ, ಹಳೆಯ ಕಾಲದ ಸರಳ ಬದುಕನ್ನೇ ಹಿಡಿದಿರುವ ಇನ್ನೊಂದು ಕ್ರೈಸ್ತ ಪಂಗಡ. ಅವರ ಮನೆಗಳಿಗೆ ಕರೆಂಟ್ ಲೈನ್ ಇರುವುದಿಲ್ಲ, ಓಡಾಟಕ್ಕೆ ಕುದುರೆ ಗಾಡಿ. ಅವರಿಗೆ ಬೇಕಾದ ಸಾಮಾನು ಮಾರುಕಟ್ಟೆಯಿಂದ ಮಾಯವಾಗಬಾರದು ಅಂತ ಜೇ ಲೇಮನ್ 1955ರಲ್ಲಿ ಈ ಅಂಗಡಿ ಶುರು ಮಾಡಿದರು. 1970ರ ದಶಕದಲ್ಲಿ ಪೆಟ್ರೋಲ್ ತುಟ್ಟಿಯಾದಾಗ ಮತ್ತು 1999ರಲ್ಲಿ, 2000 ಇಸವಿ ಬಂದೊಡನೆ ಕಂಪ್ಯೂಟರ್‌ಗಳು ಕೈಕೊಡುತ್ತವೆ ಅಂತ ಹೆದರಿಕೆ ಹುಟ್ಟಿದಾಗ ಬೇರೆ ಜನರೂ ಇಲ್ಲಿಗೆ ಬರತೊಡಗಿದರು. ಈಗ ಪ್ರವಾಸಿಗಳೂ ಬರುತ್ತಾರೆ, ಗಾಡಿ ಕಟ್ಟಿ ಒಳಗೆ ಬರುವ ಆಮಿಶ್ ಮನೆಯವರೂ ಇದ್ದಾರೆ. ಅವರು ಯಾವ ಕಪಾಟಿನ ಮುಂದೆ ನಿಲ್ಲುತ್ತಾರೆ ನೋಡಿ, ಕೆಲಸದ ಸಾಮಾನು ಅಲ್ಲೇ ಇರುತ್ತದೆ.

ನಮ್ಮ ಯಜಮಾನರ ಕೆಲಸ ವೂಸ್ಟರ್‌ನಲ್ಲಿ, ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕೃಷಿ ಕ್ಯಾಂಪಸ್ಸಿನಲ್ಲಿ. ಮನೆ ಊರಾಚೆ. ತರಕಾರಿ ನಾವೇ ಬೆಳೆಯುತ್ತೇವೆ. ಇಲ್ಲಿ ಬೆಳೆಯುವ ಕಾಲ ಚಿಕ್ಕದು, ಅಕ್ಟೋಬರ್‌ನಲ್ಲಿ ಹಿಮ ಬಿದ್ದರೆ ತೋಟದ ಕಥೆ ಮುಗಿಯಿತು. ಆಗಸ್ಟ್‌ನಲ್ಲಿ ಹುರುಳಿಕಾಯಿ, ಟೊಮೆಟೊ ಎಲ್ಲ ಒಟ್ಟಿಗೆ ಬಂದು ಅಡುಗೆಮನೆ ತುಂಬಿಹೋಗುತ್ತದೆ. ಅದನ್ನೆಲ್ಲ ಏಪ್ರಿಲ್‌ವರೆಗೆ ಉಳಿಸಿಕೊಳ್ಳಬೇಕು. ಹಾಗಾಗಿ ಈ ಅಂಗಡಿಯಲ್ಲಿ ನಾನು ಮೊದಲು ಹೇಳುವ ವಸ್ತು ಪ್ರೆಶರ್ ಕ್ಯಾನರ್, ಅಂದರೆ ತರಕಾರಿ ತುಂಬಿದ ಜಾಡಿಗಳನ್ನು ಆವಿಯ ಒತ್ತಡದಲ್ಲಿ ಕಾಯಿಸಿ ಕೆಡದಂತೆ ಮಾಡುವ ದೊಡ್ಡ ಪಾತ್ರೆ.

ನಮ್ಮ ಮನೆಯಲ್ಲಿರುವುದು ಆಲ್ ಅಮೇರಿಕನ್ 921. ವಿಸ್ಕಾನ್ಸಿನ್‌ನಲ್ಲಿ ತಯಾರಾಗುವ ದಪ್ಪ ಅಲ್ಯೂಮಿನಿಯಂ ಪಾತ್ರೆ, ಕ್ವಾರ್ಟ್ (ಸುಮಾರು ಒಂದು ಲೀಟರ್) ಅಳತೆಯ ಏಳು ಜಾಡಿ ಹಿಡಿಯುತ್ತದೆ. ಇದರಲ್ಲಿ ರಬ್ಬರ್ ಗ್ಯಾಸ್ಕೆಟ್ ಇಲ್ಲ. ಲೋಹದ ಮೇಲೆ ಲೋಹ ಕೂತು, ಸುತ್ತಲೂ ಇರುವ ತಿರುಪುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದರೆ ಆವಿ ಹೊರಗೆ ಬರುವುದಿಲ್ಲ. ಇದಕ್ಕೂ ಮೊದಲು ಬೇರೆ ಕಡೆ ಕಡಿಮೆ ಬೆಲೆಗೆ ತಂದಿದ್ದ ಕ್ಯಾನರಿನ ಗ್ಯಾಸ್ಕೆಟ್ ಸುಗ್ಗಿಯ ಮಧ್ಯೆ ಸೀಳಿಹೋಗಿ, ಬದಲಿ ರಬ್ಬರ್ ಎಲ್ಲೂ ಸಿಗದೆ, ಕುಯ್ದಿಟ್ಟ ಹುರುಳಿಕಾಯಿಯೆಲ್ಲ ಫ್ರೀಜರಿಗೆ ಹೋಯಿತು. 921 ತೂಕ ಜಾಸ್ತಿ, ನೀರು ತುಂಬಿದ ಮೇಲೆ ಒಬ್ಬರೇ ಎತ್ತುವುದು ಕಷ್ಟ. ಗಾಜಿನ ಮೇಲ್ಮೈ ಇರುವ ಕರೆಂಟ್ ಒಲೆ ನಿಮ್ಮದಾದರೆ ಇದನ್ನು ತಗೋಬೇಡಿ.

ನಮ್ಮವರು ಎಲ್ಲರೂ ಕೇಳುವ ಪ್ರಶ್ನೆ, ಮನೆಯಲ್ಲಿ ಕುಕ್ಕರ್ ಇದೆಯಲ್ಲ, ಸಾಲದೇ ಅಂತ. ಸಾಲದು. ಸುಮ್ನೆ ಹೇಳುತ್ತಿಲ್ಲ, ಇದು ಜೀವದ ವಿಷಯ. ಹುರುಳಿಕಾಯಿ, ಬೀಟ್‌ರೂಟ್, ಜೋಳದಂಥ ಹುಳಿ ಇಲ್ಲದ ತರಕಾರಿಗಳಲ್ಲಿ ಬೊಟುಲಿಸಂ ಅನ್ನುವ ಪ್ರಾಣಾಂತಿಕ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಾಣು ಕುದಿಯುವ ನೀರಿಗೆ ಸಾಯುವುದಿಲ್ಲ. ಅದಕ್ಕೆ 116 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು, ಅದೂ ಹೇಳಿದಷ್ಟು ಹೊತ್ತು. ನಮ್ಮ ಕುಕ್ಕರ್ ಚಿಕ್ಕದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಪಾಕವಿಧಾನದಲ್ಲಿ ಬರೆದ ನಿಮಿಷಗಳು ಕನಿಷ್ಠ ನಾಲ್ಕು ಕ್ವಾರ್ಟ್ ಜಾಡಿ ಹಿಡಿಯುವ ಕ್ಯಾನರಿಗೆ ಲೆಕ್ಕ ಹಾಕಿದ್ದು. ಇನ್ನೊಂದು ಸಂಗತಿ, ನಮ್ಮ ಮನೆ ಇರುವ ಗುಡ್ಡ ಸಮುದ್ರಮಟ್ಟದಿಂದ 1000 ಅಡಿಗಿಂತ ಎತ್ತರ, ಹಾಗಾಗಿ ಕ್ಯಾನರಿನ ಮುಚ್ಚಳದ ಮೇಲೆ ಇಡುವ, 10 ಪೌಂಡ್ ಒತ್ತಡದ ತೂಕ ಸಾಲುವುದಿಲ್ಲ, 15ರದ್ದು ಇಡಬೇಕು. ಕೊಳ್ಳುವ ಮೊದಲು ನಿಮ್ಮ ಮನೆಯ ಎತ್ತರ ನೋಡಿಕೊಳ್ಳಿ. ಹುರುಳಿಕಾಯಿಗೆ ಮೊದಲು ಹತ್ತು ನಿಮಿಷ ಆವಿ ಹೊರಗೆ ಬಿಟ್ಟು, ಆಮೇಲೆ ತೂಕ ಇಟ್ಟು ಒತ್ತಡ ಬಂದ ಮೇಲೆ ಕ್ವಾರ್ಟ್ ಜಾಡಿಗೆ 25 ನಿಮಿಷ. ಟೊಮೆಟೊಗೆ ಕ್ವಾರ್ಟಿಗೆ ಎರಡು ದೊಡ್ಡ ಚಮಚ ನಿಂಬೆರಸ, ಬಾಟಲಿಯದೇ ಆಗಬೇಕು, ಯಾಕೆಂದರೆ ನಿಂಬೆಹಣ್ಣಿನ ಹುಳಿ ಒಂದೊಂದಕ್ಕೆ ಒಂದೊಂದು ಥರ. ಬೇಳೆ ಹಾಕಿ ಗಟ್ಟಿ ಮಾಡಿದ ಹುಳಿ, ಸಾಂಬಾರನ್ನು ಜಾಡಿಗೆ ತುಂಬಿ ಇಡಬೇಡಿ. ಗಟ್ಟಿ ಪದಾರ್ಥದ ನಡುವಿಗೆ ಶಾಖ ಮುಟ್ಟುವುದಿಲ್ಲ. ತರಕಾರಿ ಬೇರೆ ಇಟ್ಟು, ಹುಳಿ ಮಾಡುವ ದಿನ ಬೇಳೆ ಬೇಯಿಸಿಕೊಳ್ಳಿ.

ಎರಡನೆಯದು ಕೈಯಲ್ಲಿ ತಿರುಗಿಸುವ ಹಿಟ್ಟಿನ ಗಿರಣಿ. ಮೇಜಿಗೆ ಬಿಗಿಯುವಂಥದ್ದು, ಉಕ್ಕಿನ ಹಲ್ಲುಬಿಲ್ಲೆ ಇರುವುದು. ರಾಗಿಗಾಗಿಯೇ ತಗೊಂಡೆ. ಇಲ್ಲಿ ಪ್ಯಾಕೆಟ್ಟಿನಲ್ಲಿ ಬರುವ ರಾಗಿಹಿಟ್ಟು ಎಷ್ಟು ದಿನ ಹಡಗಿನಲ್ಲಿ, ಗೋಡೌನಿನಲ್ಲಿ ಇತ್ತೋ, ಮುದ್ದೆಗೆ ಒಂದು ಥರ ಮುಗ್ಗಲು ರುಚಿ ಬರುತ್ತದೆ. ಕಾಳು ತಂದು ಮನೆಯಲ್ಲೇ ಬೀಸಿದರೆ ಆ ವಾಸನೆಯೇ ಬೇರೆ. ಮೊದಲ ಸಲ ಸಡಿಲ ಇಟ್ಟು ನುರಿಸಿ, ಎರಡನೇ ಸಲ ಬಿಗಿ ಮಾಡಿ ಬೀಸಬೇಕು, ಒಂದೇ ಸಲಕ್ಕೆ ನಯ ಬರುವುದಿಲ್ಲ. ತೋಳು ನೋಯುತ್ತದೆ, ಮಕ್ಕಳು ಸರದಿ ಮೇಲೆ ತಿರುಗಿಸುತ್ತಾರೆ. ಗೋಧಿಗೂ ಆಗುತ್ತದೆ. ಒಹಾಯೋದಲ್ಲಿ ಬೆಳೆಯುವುದು ಹೆಚ್ಚಾಗಿ ಮೆದು ಕೆಂಪು ಗೋಧಿ, ಜಿಗುಟು ಕಡಿಮೆ, ಚಪಾತಿ ಲಟ್ಟಿಸುವಾಗ ಹರಿಯುತ್ತದೆ. ಗಟ್ಟಿ ಗೋಧಿ ಬೆರೆಸಿಕೊಳ್ಳಿ.

ಮೂರನೆಯದು ಕರೆಂಟ್ ಹೋದಾಗಿನ ಸಾಮಾನು. 2022ರ ಜೂನ್ 13ರ ರಾತ್ರಿ ಬಂದ ಬಿರುಗಾಳಿ ಈ ಭಾಗದ ಜನರಿಗೆಲ್ಲ ನೆನಪಿದೆ, ಎಷ್ಟೋ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಹಳ್ಳಿಮನೆಯಲ್ಲಿ ಕರೆಂಟ್ ಹೋದರೆ ನೀರೂ ಹೋಯಿತು, ಬೋರ್‌ವೆಲ್ ಪಂಪ್ ತಿರುಗಬೇಕಲ್ಲ. ಅದಕ್ಕೆ ಇಲ್ಲಿ ಉದ್ದನೆಯ ತಗಡಿನ ಕೊಳವೆಯಂಥ ಬಕೆಟ್ ಸಿಗುತ್ತದೆ. ನೀರಿಗೆ ಇಳಿದಾಗ ತಳದ ವಾಲ್ವ್ ತೆರೆದು ತುಂಬುತ್ತದೆ, ಎಳೆದಾಗ ಮುಚ್ಚಿಕೊಳ್ಳುತ್ತದೆ. ನಮ್ಮ ಹಿತ್ತಿಲಿನಲ್ಲಿ ಪಂಪ್ ಇಲ್ಲದ ಹಳೆಯ ಬೋರ್ ಇರುವುದರಿಂದ ನಮಗೆ ತುಂಬಾ ಉಪಯೋಗ. ಪಂಪಿನ ಪೈಪ್, ವೈರ್ ಇಳಿದಿರುವ ಬೋರ್‌ನಲ್ಲಿ ಇದು ಸಿಕ್ಕಿಹಾಕಿಕೊಳ್ಳಬಹುದು, ಬಾವಿ ಕೆಲಸದವರನ್ನು ಕೇಳದೆ ಇಳಿಸಬೇಡಿ. ದೀಪಕ್ಕೆ ಅಲಾದ್ದೀನ್ ಲ್ಯಾಂಪ್ ಒಳ್ಳೆಯದು. ಸೀಮೆಎಣ್ಣೆಯದೇ, ಮ್ಯಾಂಟಲ್ (ಉರಿಗೆ ಬೆಳಗುವ ಬಲೆಯ ಚೀಲ) ಇದೆ, ಆದರೆ ಪೆಟ್ರೋಮ್ಯಾಕ್ಸ್ ಥರ ಗಾಳಿ ಹೊಡೆಯಬೇಕಿಲ್ಲ, ಭರ್ ಅನ್ನುವ ಸದ್ದೂ ಇಲ್ಲ. ಮಕ್ಕಳು ಓದುವಷ್ಟು ಬೆಳಕು. ಬತ್ತಿ ಜಾಸ್ತಿ ಏರಿಸಿದರೆ ಮ್ಯಾಂಟಲ್ ಕಪ್ಪಾಗುತ್ತದೆ, ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಇದ್ದು ನೋಡಿಕೊಳ್ಳಬೇಕು.

ಬೇಡ ಅನ್ನುವುದು ಗಾಜಿನ ಜಾಡಿಗೆ ಹಿಡಿಕೆ ಕೂಡಿಸಿದ ಬೆಣ್ಣೆ ಯಂತ್ರ. ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಅದು ತಣ್ಣನೆಯ ಕೆನೆಗೆ ಮಾಡಿದ್ದು, ಇಲ್ಲಿನವರು ಹಾಗೇ ಬೆಣ್ಣೆ ತೆಗೆಯುತ್ತಾರೆ. ನಾವು ಕಡೆಯುವುದು ಮೊಸರನ್ನು, ನಮಗೆ ಮಜ್ಜಿಗೆಯೂ ಬೇಕು. ಜೆರ್ಸಿ ಹಾಲಿನ ದಪ್ಪ ಮೊಸರಿಗೆ ಊರಿನಿಂದ ತಂದ ಮರದ ಕಡೆಗೋಲು, ಒಂದು ಎತ್ತರದ ಸ್ಟೀಲ್ ಪಾತ್ರೆ ಸಾಕು. ಸೌದೆ ಒಲೆಗಳೂ ಚೆನ್ನಾಗಿವೆ, ಆದರೆ ಚಿಮಣಿ, ಗೋಡೆಯಿಂದ ಬಿಡಬೇಕಾದ ಅಂತರ, ಮನೆ ಇನ್ಶೂರೆನ್ಸ್ ಇವೆಲ್ಲ ಕೇಳಿಕೊಂಡು ಆಮೇಲೆ ಯೋಚಿಸಿ.

ಬೆಲೆ ಕಡಿಮೆಯಲ್ಲ. ಜಾಡಿ, ಮುಚ್ಚಳಗಳನ್ನು ನಾನು ಬೇರೆ ಕಡೆ ತಗೊಳ್ಳುತ್ತೇನೆ. ಬಿಡಿಭಾಗ ಸಿಗುವ ಸಾಮಾನಿಗೆ ಮಾತ್ರ ಇಲ್ಲಿ ದುಡ್ಡು ಹಾಕುತ್ತೇನೆ, ಬತ್ತಿ, ಮ್ಯಾಂಟಲ್, ಗಿರಣಿಯ ಬಿಲ್ಲೆ ಮತ್ತೆ ಸಿಗುತ್ತದೆ ಅನ್ನುವ ಧೈರ್ಯ ಇರುತ್ತದೆ. ಕೆಲಸದವರಿಗೆ ಸಾಮಾನಿನ ಬಗ್ಗೆ ಗೊತ್ತು, ನಿಂತು ಹೇಳಿಕೊಡುತ್ತಾರೆ.

ಭಾನುವಾರ ಮುಚ್ಚಿರುತ್ತದೆ. ಗುರುವಾರ ಹೋದರೆ ಅದೇ ಊರಿನಲ್ಲಿ ದನಕರುಗಳ ಹರಾಜು ಇರುತ್ತದೆ, 1923ರಿಂದ ನಡೆಯುತ್ತಿದೆ, ಹುಲ್ಲಿನ ಪಿಂಡಿಯೂ ಸಿಗುತ್ತದೆ. ಬರುವಾಗ ಟ್ರೈಲರ್ ತನ್ನಿ. ರಸ್ತೆಯಲ್ಲಿ ಗುಡ್ಡ ಹತ್ತಿ ಇಳಿಯುವಾಗ ಮುಂದೆ ಕುದುರೆ ಗಾಡಿ ಇರಬಹುದು, ನಿಧಾನ ಹೋಗಿ. ಮತ್ತೆ ಆಮಿಶ್ ಜನರ ಫೋಟೋ ತೆಗೆಯಬೇಡಿ, ಅವರಿಗೆ ಅದು ಇಷ್ಟವಿಲ್ಲ.