ಹಿಂಬದಿ ತೋರಿಸದ ‘ಹಳೇ ಕಸೂತಿ’ಗೆ ದುಡ್ಡು ಕೊಡಬೇಡಿ

ಹಳೇ ಇಳಕಲ್ ಸೀರೆ ಕತ್ತರಿಸಿ ಹೊಲಿದ ಬ್ಯಾಗು, ಕುಶನ್ ಕವರ್, ಟೇಬಲ್ ರನ್ನರ್‌ಗಳು ಈಗ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ‘ವಿಂಟೇಜ್ ಕಸೂತಿ’, ‘ಅಜ್ಜಿ ಕಾಲದ ಕೈಕೆಲಸ’ ಅಂತ ಬರೆದಿರುತ್ತಾರೆ. ಕಸೂತಿ ಅಂದರೆ ಇಲ್ಲಿ ಬಟ್ಟೆಯ ಎಳೆ ಎಣಿಸಿ ಕೈಯಲ್ಲೇ ಹಾಕುವ ಉತ್ತರ ಕರ್ನಾಟಕದ ಚಿತ್ತಾರ. ಅಂಥದ್ದೇ ಒಂದು ಸೆಟ್ ತರಿಸಿ ನನಗೆ ಮೋಸವಾಯಿತು. ಮೋಸ ಎಲ್ಲಿ ಅಡಗಿರುತ್ತದೆ ಅಂತ ಬಿಡಿಸಿ ಬರೆಯುತ್ತೇನೆ. ಯಾಕೆಂದರೆ ಫೋಟೋದಲ್ಲಿ ಇದನ್ನು ಹಿಡಿಯೋದು ಬಹಳ ಕಷ್ಟ.

ನನಗೆ ಹಳೇ ಬಟ್ಟೆಗಳ ಹುಚ್ಚು ಮೊದಲಿನಿಂದ ಇದೆ. ಗುಳೇದಗುಡ್ಡದ ಖಣದ ರವಿಕೆ, ಬಣ್ಣ ಸ್ವಲ್ಪ ಮಾಸಿದ ಇಳಕಲ್, ಇವನ್ನು ಹಬ್ಬಕ್ಕೆ ಅಂತ ಕಾಯದೆ ಆಫೀಸಿಗೂ ಉಡುತ್ತೇನೆ. ಹಾಗಾಗಿ ಇನ್‌ಸ್ಟಾಗ್ರಾಮ್‌ನ ಒಂದು ಪೇಜ್‌ನಲ್ಲಿ ಇಳಕಲ್ ಸೆರಗಿನ ಮೇಲೆ ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ ಇದ್ದ ಕುಶನ್ ಕವರ್‌ಗಳನ್ನು ನೋಡಿದಾಗ ಕಣ್ಣು ಅಲ್ಲೇ ನಿಂತಿತು. ನಾಲ್ಕು ಕವರ್, ಜೊತೆಗೊಂದು ಜೋಳಿಗೆ ಬ್ಯಾಗು, ಒಟ್ಟು 7,800 ರೂಪಾಯಿ. ಕೈಕಸೂತಿನಾ ಅಂತ ಮೆಸೇಜ್ ಮಾಡಿ ಕೇಳಿದೆ. ‘ಹೌದು ಮೇಡಂ, ಹಂಡ್ರೆಡ್ ಪರ್ಸೆಂಟ್ ಕೈಕೆಲಸ, ಉತ್ತರ ಕರ್ನಾಟಕದ ಹಳೇ ಸೀರೆ’ ಅಂತ ಉತ್ತರ ಬಂತು. ಹಣ ಕಳಿಸಿದೆ.

ಬಂದ ಸಾಮಾನು ನೋಡೋಕೆ ಚೆನ್ನಾಗಿಯೇ ಇತ್ತು. ಒಳಗೆ ದಪ್ಪ ಲೈನಿಂಗ್ ಹಾಕಿ ನಾಲ್ಕೂ ಕಡೆ ಹೊಲಿದಿದ್ದರು. ತಣ್ಣೀರಲ್ಲಿ ಕೈಯಲ್ಲೇ ಒಮ್ಮೆ ತೊಳೆದೆ ಅಷ್ಟೇ. ಆನೆಯ ಕಾಲುಗಳ ಸುತ್ತ ಬಟ್ಟೆ ಬಿಟ್ಟುಕೊಂಡಿತು. ದಾರ ಗಟ್ಟಿಯಾಗೇ ಇತ್ತು, ಅದರ ಅಂಚಿನ ಉದ್ದಕ್ಕೂ ಬಟ್ಟೆ ಮಾತ್ರ ಹರಿದಿತ್ತು. ಆನೆ ಅನ್ನೋದು ಅಂಚೆಚೀಟಿ ಕಿತ್ತ ಹಾಗೆ ಎದ್ದು ಬರುತ್ತಿತ್ತು.

ಧಾರವಾಡದಲ್ಲಿರುವ ನಮ್ಮ ಅತ್ತೆ ಚಿಕ್ಕಂದಿನಿಂದ ಕಸೂತಿ ಹಾಕಿದವರು. ಊರಿಗೆ ಹೋದಾಗ ಆ ಕವರ್ ಅವರ ಕೈಗೆ ಕೊಟ್ಟೆ. ಮೇಲುಗಡೆ ಅವರು ಹೆಚ್ಚು ನೋಡಲೇ ಇಲ್ಲ. ಬ್ಲೇಡ್ ತಗೊಂಡು ಲೈನಿಂಗ್‌ನ ಒಂದು ಬದಿ ಬಿಚ್ಚಿ, ತಿರುವಿ ಹಾಕಿದರು. ‘ಇದು ಕೈದಲ್ಲವ್ವ. ಮಷೀನ್ ಹಾಕ್ಯಾರ. ಕೈಯಾಗ ಹಾಕಿದ್ರ ಹಿಂದ ಮುಂದ ಎರಡೂ ಕಡೆ ಚಂದ ಇರ್ತೈತಿ’ ಅಂದರು.

ಹಿಂಬದಿಯಲ್ಲಿ ಇದ್ದದ್ದು ಇಷ್ಟು: ಮುಂದೆ ಹಳದಿ, ಹಸಿರು, ಬಿಳಿ, ಕೇಸರಿ ಯಾವ ಬಣ್ಣವೇ ಇರಲಿ, ಹಿಂದೆ ಎಲ್ಲ ಕಡೆ ಒಂದೇ ಬಿಳಿ ದಾರ. ಅದು ಬಾಬಿನ್ ದಾರ, ಅಂದರೆ ಮಷೀನ್‌ನ ಕೆಳಗಿನ ಉರುಳೆಯಿಂದ ಬರುವ ದಾರ. ಒಂದು ಚಿತ್ತಾರದಿಂದ ಇನ್ನೊಂದಕ್ಕೆ ಹಾರಿದ ಎಳೆಗಳು. ಅವುಗಳ ಕೆಳಗೆ ಕಾಗದದಂಥ ಬಿಳಿ ಹಾಳೆ, ಹರಿದು ಉಳಿದ ಅಂಚುಗಳ ಸಮೇತ. ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವಾಗ ಬಟ್ಟೆ ಸುಕ್ಕಾಗದಿರಲಿ ಅಂತ ಕೆಳಗೆ ಕೊಡುವ ಹಾಳೆ ಅದು. ದಪ್ಪ ಲೈನಿಂಗ್ ಇದನ್ನೆಲ್ಲ ಮುಚ್ಚಿಟ್ಟಿತ್ತು.

ಇದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿದೆ. ಬಟ್ಟೆ ಮಾತ್ರ ನಿಜವಾಗಿಯೂ ಹಳೇ ಇಳಕಲ್ ಸೀರೆಯದೇ. ಇಳಕಲ್‌ನಲ್ಲಿ ಸೀರೆಯ ಒಡಲಿನ ಉದ್ದನೆ ಎಳೆಗಳನ್ನು ಸೆರಗಿನ ಉದ್ದನೆ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಒಂದು ಕವರ್‌ನ ಅಂಚಿನಲ್ಲಿ ಆ ಕೊಂಡಿಯ ಗೆರೆ ಸ್ಪಷ್ಟವಾಗಿತ್ತು. ಕೆಂಪು ಸೆರಗಿನಲ್ಲಿ ತೋಪ್ ತೆನಿ ಅನ್ನುವ ಇಳಕಲ್ ಸೆರಗಿನ ವಿನ್ಯಾಸದ ಬಿಳಿ ಪಟ್ಟಿಗಳೂ ಇದ್ದವು. ಮಡಿಕೆ ಬಿದ್ದಿದ್ದ ಕಡೆ ಬಣ್ಣ ಇಳಿದಿತ್ತು. ಯಾರೋ ವರ್ಷಾನುಗಟ್ಟಲೆ ಉಟ್ಟ ಸೀರೆ. ಅದನ್ನು ಅಗ್ಗಕ್ಕೆ ಕೊಂಡು, ಸೆರಗು ಕತ್ತರಿಸಿ, ಮೇಲೆ ಮಷೀನ್‌ನಲ್ಲಿ ಕಸೂತಿ ಕುಟ್ಟಿ, ಎರಡೂ ಸೇರಿಸಿ ‘ವಿಂಟೇಜ್ ಕಸೂತಿ’ ಅಂತ ಮಾರಿದ್ದಾರೆ. ಬಟ್ಟೆಯ ವಯಸ್ಸು ನಿಜ ಆಗಿರುವುದರಿಂದಲೇ ಸುಳ್ಳು ಹಿಡಿಯೋದು ಕಷ್ಟ. ಸವೆದ ನೂಲನ್ನು ಮಷೀನ್ ಸೂಜಿ ಒತ್ತೊತ್ತಾಗಿ ಚುಚ್ಚಿದ್ದರಿಂದ ತೊಳೆದ ಕೂಡಲೇ ಬಟ್ಟೆ ಹರಿಯಿತು. ‘ಯಾರದೋ ಛಲೋ ಸೀರಿ ಹಾಳ ಮಾಡ್ಯಾರ ನೋಡು’ ಅಂತ ಅತ್ತೆ ಆ ತುಂಡನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಹಿಂದೆ ನಮ್ಮ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವ ಪದ್ಧತಿ ಇತ್ತು. ಅಂಥ ಸೀರೆಗಳ ಗತಿಯೂ ಹೀಗೇ ಆಗುತ್ತಿದೆಯೇನೋ ಅನ್ನೋ ಯೋಚನೆ ನನ್ನನ್ನು ಬಿಟ್ಟಿಲ್ಲ.

ಈಗ, ಕೊಳ್ಳುವ ಮುಂಚೆ ಏನು ನೋಡಬೇಕು ಅಂತ ಹೇಳುತ್ತೇನೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳೋದಿಲ್ಲ. ನೇಯ್ಗೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಜಾಗ ತುಂಬುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಅಷ್ಟೇ. ನೇಗಿ ಮತ್ತು ಮೆಂತಿ ಹೊಲಿಗೆಗಳಲ್ಲಿ ಹಿಂಬದಿ ಬೇರೆ ಥರ ಇರುತ್ತದೆ, ಅದರಿಂದ ಗಾಬರಿ ಬೇಡ. ನೇಗಿ ನೇಯ್ದ ಹಾಗೇ ಕಾಣುತ್ತದೆ, ಮುಂದೆ ದಾರ ಇದ್ದ ಕಡೆ ಹಿಂದೆ ಖಾಲಿ ಇರುತ್ತದೆ. ಮೆಂತಿ ಅಂದರೆ ಅಡ್ಡಡ್ಡ ಗುಣಿಸುವ ಗುರುತಿನ ಹೊಲಿಗೆ. ಆದರೆ ಈ ನಾಲ್ಕರಲ್ಲಿ ಯಾವುದೇ ಇರಲಿ, ಮುಂದಿನ ಬಣ್ಣದ ದಾರವೇ ಹಿಂದೆಯೂ ಇರಬೇಕು. ಎಲ್ಲ ಬಣ್ಣಕ್ಕೂ ಹಿಂದೆ ಒಂದೇ ಬಿಳಿ ದಾರ ಕಂಡರೆ ಅಲ್ಲಿಗೆ ಮಾತು ಮುಗಿಯಿತು.

ಮುಂಬದಿಯಲ್ಲೂ ಕೆಲವು ಸುಳಿವು ಸಿಗುತ್ತವೆ. ಕಸೂತಿಯ ಗೆರೆಗಳು ಅಡ್ಡ, ಉದ್ದ ಅಥವಾ ಓರೆ ಇರುತ್ತವೆ. ನವಿಲಿನ ಕುತ್ತಿಗೆ, ಆನೆಯ ಸೊಂಡಿಲು ಕೂಡ ಸಣ್ಣ ಸಣ್ಣ ಮೆಟ್ಟಿಲಾಗಿಯೇ ತಿರುಗುತ್ತವೆ. ನುಣ್ಣಗೆ ಬಳುಕಿದ ಗೆರೆ, ಮಧ್ಯೆ ಒತ್ತೊತ್ತಾಗಿ ತುಂಬಿದ ಮಿಂಚುವ ದಾರ ಕಂಡರೆ ಅನುಮಾನ ಪಡಿ. ನನ್ನ ನಾಲ್ಕು ಕವರ್‌ಗಳ ಆನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಹೊಲಿಗೆಯ ವ್ಯತ್ಯಾಸವೂ ಇರಲಿಲ್ಲ. ಕೈಯಲ್ಲಿ ಹಾಕಿದಾಗ ಎಲ್ಲೋ ಒಂದು ಎಳೆ ಆಚೀಚೆ ಆಗೇ ಆಗುತ್ತದೆ. ಸಡಿಲ ದಾರ ಸಿಕ್ಕರೆ ಸ್ವಲ್ಪ ಕತ್ತರಿಸಿ, ಸಿಂಕ್ ಹತ್ತಿರ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆಯಿಂದ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನನ್ನದು ಮಣಿಯಾಯಿತು.

ಒಂದು ಮಾತು ಸೇರಿಸಬೇಕು. ಈಗಿನ ಎಳೆ ಎಣಿಸಲಾಗದ ನುಣುಪು ಬಟ್ಟೆಗಳ ಮೇಲೆ ಕಸೂತಿ ಹಾಕುವಾಗ ಮೇಲೊಂದು ಜಾಳಿಗೆ ಬಟ್ಟೆ ಇಟ್ಟು, ಅದರ ಎಳೆ ಎಣಿಸಿ ಹಾಕಿ, ಕೊನೆಗೆ ಆ ಎಳೆಗಳನ್ನು ಎಳೆದು ತೆಗೆಯುತ್ತಾರೆ. ಅದು ಕೈಕೆಲಸವೇ. ಒಂದೆರಡು ಎಳೆ ಉಳಿದಿದ್ದರೆ ಅವರನ್ನು ದೂರಬೇಡಿ, ಪಾಪ. ಮಷೀನ್ ಕಸೂತಿಯನ್ನು ಮಷೀನ್ ಕಸೂತಿ ಅಂತಲೇ ಹೇಳಿ, ಅದರ ಬೆಲೆಗೆ ಮಾರುವವರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಸುಳ್ಳು ಹೇಳಿ ಕೈಕೆಲಸದ ಹೆಸರಲ್ಲಿ ದುಡ್ಡು ಕೀಳುವವರ ಮೇಲೆ. ತುಂಬು ಕೆಲಸದ ಒಂದು ಸೀರೆಗೆ ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಕೂರುವ ಹೆಣ್ಣುಮಕ್ಕಳ ಹೊಟ್ಟೆ ಮೇಲೆ ಇದು ಹೊಡೆತ. ಮಷೀನ್ ಮಾಲು ‘ಕೈಕಸೂತಿ’ ಅಂತ ಕಡಿಮೆ ಬೆಲೆಗೆ ಸಿಗುವಾಗ, ನಿಜವಾದ ಬೆಲೆ ಹೇಳುವ ಅವರೇ ಸುಲಿಗೆ ಮಾಡುವವರ ಥರ ಕಾಣುತ್ತಾರೆ, ಅಲ್ವಾ?

ವಾಪಸ್ ಕೊಡುತ್ತೇನೆ ಅಂದಾಗ ಪೇಜ್‌ನವರು ಮೊದಲು ‘ನೋ ರಿಟರ್ನ್ ಅಂತ ಬರೆದಿದ್ದೀವಿ, ವಿಂಟೇಜ್ ಬಟ್ಟೆ ಹರಿಯೋದು ಸಹಜ’ ಅಂದರು. ಹಿಂಬದಿಯ ಫೋಟೋ ಕಳಿಸಿದ ಮೇಲೆ ಉತ್ತರವೇ ನಿಂತಿತು. ಆದರೆ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗೆ ಸಾಮಾನು ಇಲ್ಲದಿದ್ದರೆ ವಾಪಸ್ ತಗೊಳ್ಳಲ್ಲ, ಹಣ ಕೊಡಲ್ಲ ಅನ್ನುವ ಹಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು. ದೂರಿನ ಸಂಖ್ಯೆಯನ್ನು ಪೇಜ್‌ನವರಿಗೆ ಕಳಿಸಿದ ಮೇಲೆ ಕವರ್‌ಗಳ ಹಣ ಬಂತು, ಬ್ಯಾಗಿನದು ಬಂದಿಲ್ಲ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ನನ್ನ ಕೈ ಹಿಡಿದದ್ದು ‘ಹಂಡ್ರೆಡ್ ಪರ್ಸೆಂಟ್ ಕೈಕೆಲಸ’ ಅಂತ ಅವರೇ ಬರೆದಿದ್ದ ಮೆಸೇಜ್. ನೀವೂ ಆ ಮಾತನ್ನು ಫೋನಲ್ಲಿ ಕೇಳಿ ಬಿಡಬೇಡಿ, ಬರಹದಲ್ಲಿ ಹೇಳಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅವರು ಪೋಸ್ಟ್ ಅಳಿಸುವ ಮುಂಚೆ ಅದನ್ನೂ ತೆಗೆದಿಡಿ.

ಹಳೇ ಸೊಬಗು ಬೇಕು ಅನ್ನುವವರು ಹೊಸ ಕೈಕಸೂತಿಯ ಸಾಮಾನು ಕೊಳ್ಳಿ ಅನ್ನೋದು ನನ್ನ ಸಲಹೆ. ಹುಬ್ಬಳ್ಳಿ–ಧಾರವಾಡ ಕಡೆ ಮನೆಯಲ್ಲೇ ಹಾಕಿಕೊಡುವವರು ಈಗಲೂ ಇದ್ದಾರೆ. ಹಾಕುವವರ ಕೈಗೇ ಹಣ ಹೋಗುತ್ತದೆ, ಹಾಕುತ್ತಿರುವಾಗಲೇ ನೋಡಲೂಬಹುದು. ಮನೆಯಲ್ಲಿ ಅಜ್ಜಿಯ ಸೀರೆ ಇದ್ದರೆ ಇಡಿಯಾಗಿಯೇ ಉಡಿ. ತೀರಾ ಜೀರ್ಣವಾಗಿದ್ದರೆ ಚೆನ್ನಾಗಿರುವ ಭಾಗವನ್ನು ಮೆತ್ತನೆ ಹತ್ತಿ ಬಟ್ಟೆಗೆ ಕೈಯಲ್ಲೇ ಹೊಲಿದು ಗೋಡೆಗೆ ಹಾಕಿ, ಬಿಸಿಲು ಬೀಳದ ಕಡೆ. ಆನ್‌ಲೈನ್‌ನಲ್ಲೇ ಕೊಳ್ಳುವುದಾದರೆ ಹಣ ಕಳಿಸುವ ಮುಂಚೆ ಒಳಗಿನ ಹೊಲಿಗೆ ಬಿಚ್ಚಿಸಿ ಹಿಂಬದಿಯ ವಿಡಿಯೋ ಕೇಳಿ. ಕೈಯಲ್ಲಿ ಹಾಕಿದವರು ಖುಷಿಯಿಂದ ತೋರಿಸುತ್ತಾರೆ. ‘ಲೈನಿಂಗ್ ಇದೆ, ಆಗಲ್ಲ’ ಅಂದರೆ ಆ ಆರ್ಡರ್ ಬಿಟ್ಟುಬಿಡಿ.