ಟಿನ್ ಟೆಟ್ರಾಕ್ಲೋರೈಡ್‌ನ ಸಿದ್ಧ ದ್ರಾವಣ: ಕಾರ್ಬೊಕ್ಯಾಟಯಾನ್ ಅಳೆಯುವವರಿಗೆ ಎಷ್ಟು ಸೂಕ್ತ?

ಟಿನ್ ಟೆಟ್ರಾಕ್ಲೋರೈಡ್‌ನಂಥ ಲೂಯಿಸ್ ಆಮ್ಲ (ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ವಸ್ತು) ಬಳಸಿ ಕಾರ್ಬೊಕ್ಯಾಟಯಾನ್‌ಗಳನ್ನು (ಕಾರ್ಬನ್ ಮೇಲೆ ಧನ ವಿದ್ಯುದಂಶವಿರುವ ಅಯಾನುಗಳನ್ನು) ಹುಟ್ಟಿಸಿ ಅವುಗಳ ರೋಹಿತವನ್ನು, ಅಂದರೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತವೆ ಎಂಬುದನ್ನು, ದಾಖಲಿಸುವ ಕೆಲಸದಲ್ಲಿ ಫಲಿತಾಂಶದ ಹಣೆಬರಹವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಆಮ್ಲದ ಬಾಟಲಿ. ಶುದ್ಧ ಟಿನ್ ಟೆಟ್ರಾಕ್ಲೋರೈಡ್ 114 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಬಣ್ಣವಿಲ್ಲದ ದ್ರವ; ಕರಾವಳಿಯಲ್ಲಿರುವ ನಮ್ಮ ಪ್ರಯೋಗಾಲಯದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮುಚ್ಚಳ ತೆಗೆದ ಕ್ಷಣವೇ ಅದು ದಟ್ಟವಾದ ಬಿಳಿ ಹೊಗೆ ಕಾರುತ್ತದೆ. ಹೀಗಾಗಿ ಅದನ್ನು ಡೈಕ್ಲೋರೋಮೀಥೇನ್‌ನಲ್ಲಿ 1 ಮೋಲಾರ್ ಸಾಂದ್ರತೆಗೆ ಕರಗಿಸಿ, ರಬ್ಬರ್ ಸೆಪ್ಟಂ (ಸೂಜಿ ಚುಚ್ಚಿ ದ್ರವ ಎಳೆಯಬಹುದಾದ ಮುಚ್ಚಳ) ಹಾಕಿದ 100 ಮಿಲಿಲೀಟರ್ ಬಾಟಲಿಯಲ್ಲಿ ಮಾರುವ ಸಿದ್ಧ ದ್ರಾವಣವನ್ನು ತರಿಸಿ ಬಳಸುತ್ತಿದ್ದೇವೆ.

ಮೊದಲ ಪರೀಕ್ಷೆಗೆ ಟ್ರೈಟಿಲ್ ಕ್ಲೋರೈಡನ್ನೇ ಆರಿಸಿಕೊಂಡೆವು; ಇದರ ನಡುವಿನ ಕಾರ್ಬನ್‌ಗೆ ಮೂರು ಬೆಂಜೀನ್ ಉಂಗುರಗಳೂ ಒಂದು ಕ್ಲೋರಿನ್ನೂ ಅಂಟಿವೆ, ಲೂಯಿಸ್ ಆಮ್ಲ ಆ ಕ್ಲೋರಿನನ್ನು ಕ್ಲೋರೈಡ್ ಆಗಿ ಕಿತ್ತುಕೊಂಡರೆ ಉಳಿಯುವುದೇ ಟ್ರೈಟಿಲ್ ಕ್ಯಾಟಯಾನ್. ಈ ಬಣ್ಣವಿಲ್ಲದ ವಸ್ತು ಟಿನ್ ಅಥವಾ ಅಲ್ಯೂಮಿನಿಯಂ ಕ್ಲೋರೈಡ್‌ನೊಂದಿಗೆ ಕಿತ್ತಳೆ ಬಣ್ಣದ ಸಂಯುಕ್ತ ಕೊಡುವುದನ್ನು 1901ರಲ್ಲಿ ರಸಾಯನಶಾಸ್ತ್ರಜ್ಞರಾದ ನಾರಿಸ್ ಮತ್ತು ಕೆಹರ್ಮನ್ ಬೇರೆ ಬೇರೆಯಾಗಿ ಕಂಡಿದ್ದರು. ಮರುವರ್ಷ ಬೇಯರ್ ಅದು ಲವಣದ ಸ್ವಭಾವದ್ದೆಂದು ಗುರುತಿಸಿದರು. 0.025 ಮಿಲಿಮೋಲಾರ್ ಟ್ರೈಟಿಲ್ ಕ್ಲೋರೈಡ್ ಇರುವ, ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆಯಾದ ಕ್ವಾರ್ಟ್ಜ್ ಕ್ಯೂವೆಟ್‌ಗೆ ಈ ದ್ರಾವಣವನ್ನು ಮೈಕ್ರೋಲೀಟರ್ ಲೆಕ್ಕದಲ್ಲಿ ಸೇರಿಸುತ್ತಾ ಹೋದಂತೆ 410 ಮತ್ತು 430 ನ್ಯಾನೋಮೀಟರ್ ಆಸುಪಾಸಿನ ಜೋಡಿ ಶಿಖರಗಳು ಏರುತ್ತವೆ, ಕೊನೆಗೆ ಏರಿಕೆ ನಿಂತು ರೇಖೆ ಸಮತಟ್ಟಾಗುತ್ತದೆ. ಟ್ರೈಟಿಲ್ ಕ್ಯಾಟಯಾನ್‌ನ ಮೋಲಾರ್ ಹೀರಿಕೆ ಗುಣಾಂಕ (ಬೆಳಕು ಹೀರುವ ಬಲದ ಅಳತೆ) 40,000ದ ಹತ್ತಿರವಿರುವುದರಿಂದ, ಪೂರ್ತಿ ಅಯಾನೀಕರಣವಾದರೆ ಒಂದು ಸೆಂಟಿಮೀಟರ್ ದಾರಿಯಲ್ಲಿ ಹೀರಿಕೆ 1ರ ಸಮೀಪ ಬರಬೇಕು. ಹೊಸ ಬಾಟಲಿ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಗೆದ್ದಿತು. ಕ್ಯೂವೆಟನ್ನು ತಂಪು ಮಾಡಿದಾಗಲೂ ರೋಹಿತ ನಿರೀಕ್ಷೆಯಂತೆಯೇ ನಡೆದುಕೊಂಡಿತು. ತಂಪಿನಲ್ಲಿ ದ್ರಾವಕವೇ ಕುಗ್ಗಿ ಸಾಂದ್ರತೆ ಹೆಚ್ಚುವುದನ್ನು ಲೆಕ್ಕದಿಂದ ಕಳೆಯಲು ಮರೆಯಬಾರದು.

ನನ್ನ ಮುಖ್ಯ ಆಕ್ಷೇಪ ಲೇಬಲ್ಲಿನ ಬಗ್ಗೆ. ಮಾರುಕಟ್ಟೆಯ ಡೈಕ್ಲೋರೋಮೀಥೇನ್‌ಗೆ ಸಾಮಾನ್ಯವಾಗಿ ಅಮೈಲೀನ್ ಅಥವಾ ಎಥನಾಲನ್ನು ಸ್ಥಿರಕಾರಿಯಾಗಿ, ಅಂದರೆ ಕೆಡದಂತೆ ಕಾಪಾಡಲು, ಬೆರೆಸಿರುತ್ತಾರೆ. ಈ ಬಾಟಲಿಯ ದ್ರಾವಕದಲ್ಲಿ ಯಾವುದಿದೆ ಎಂಬುದು ಲೇಬಲ್ಲಿನಲ್ಲೂ ಇಲ್ಲ, ಕೇಳಿದ ಮೇಲೆ ಕಳುಹಿಸಿದ ವಿಶ್ಲೇಷಣಾ ಪ್ರಮಾಣಪತ್ರದಲ್ಲೂ ಇಲ್ಲ. ಎಥನಾಲ್ ಇದ್ದರೆ ಅದು ಟಿನ್‌ಗೆ ಕೂಡಿಕೊಂಡು ಆಮ್ಲದ ಬಲವನ್ನು ತಗ್ಗಿಸುತ್ತದೆ, ಆಗ ಲೇಬಲ್ಲಿನ ಮೇಲಿನ 1 ಮೋಲಾರ್ ಎಂಬ ಅಂಕಿಯನ್ನು ಸಮತೋಲನ ಸ್ಥಿರಾಂಕದ ಲೆಕ್ಕಕ್ಕೆ ಹಾಗೆಯೇ ತೆಗೆದುಕೊಳ್ಳುವಂತಿಲ್ಲ. ಅಮೈಲೀನ್ ಇದ್ದರೆ, ಅದು ಕಾರ್ಬೊಕ್ಯಾಟಯಾನ್‌ನೊಂದಿಗೇ ವರ್ತಿಸಬಲ್ಲ ಆಲ್ಕೀನ್. ದ್ರಾವಕದಲ್ಲಿ ಅದು 50 ಪಿಪಿಎಂ (ತೂಕದಲ್ಲಿ ಹತ್ತು ಲಕ್ಷಕ್ಕೆ 50 ಪಾಲು) ಇದೆಯೆಂದು ಇಟ್ಟುಕೊಂಡರೆ ಸಾಂದ್ರತೆ ಸುಮಾರು 1 ಮಿಲಿಮೋಲಾರ್ ಆಗುತ್ತದೆ. 30 ಮೈಕ್ರೋಲೀಟರನ್ನು 3 ಮಿಲಿಲೀಟರ್‌ಗೆ ಹಾಕಿ ನೂರು ಪಟ್ಟು ತೆಳುವಾಗಿಸಿದ ಮೇಲೂ 0.01 ಮಿಲಿಮೋಲಾರ್ ಉಳಿಯುತ್ತದೆ, ಅಂದರೆ ಅಳೆಯಬೇಕಾದ ಟ್ರೈಟಿಲ್‌ನ ಐದರಲ್ಲಿ ಎರಡು ಪಾಲು. ಟ್ರೈಟಿಲ್‌ನಂಥ ಸ್ಥಿರ ಕ್ಯಾಟಯಾನ್ ಇದನ್ನು ಸ್ವಲ್ಪ ಹೊತ್ತು ತಾಳಿಕೊಂಡೀತು. ಬೆನ್ಸ್‌ಹೈಡ್ರಿಲ್ ಕ್ಯಾಟಯಾನ್‌ನಂಥ ಚುರುಕಿನವು ಖಂಡಿತ ತಾಳಲಾರವು. ಗ್ರಾಂಗಟ್ಟಲೆ ಸಂಶ್ಲೇಷಣೆ ಮಾಡುವವರಿಗೆ ಈ ವಿವರ ಅನಗತ್ಯವಿರಬಹುದು, ಆದರೆ ರೋಹಿತ ಅಳೆಯುವವರಿಗೆ ಇದಕ್ಕಿಂತ ಅಗತ್ಯವಾದ ಮಾಹಿತಿ ಮತ್ತೊಂದಿಲ್ಲ.

ಎರಡನೆಯ ಕೊರತೆ ಸೆಪ್ಟಂನದು. ಹಲವು ಬಾರಿ ಸೂಜಿ ಚುಚ್ಚಿದ ಮೇಲೆ ತೂತುಗಳ ಸುತ್ತ ಬಿಳಿ ಪುಡಿ ಕಟ್ಟುತ್ತದೆ, ಸೂಜಿಯ ತುದಿಯೂ ಕಟ್ಟಿಕೊಳ್ಳುತ್ತದೆ. ತೇವ ಒಳಗೆ ಹೋಗಿದೆಯೇ ಎಂದು ತಿಳಿಯಲು 1,1-ಡೈಫಿನೈಲ್ ಎಥಿಲೀನ್ ಬಳಸಬಹುದು: ನೀರು ಟಿನ್ ಕ್ಲೋರೈಡನ್ನು ಒಡೆದು ಕೊಟ್ಟ ಪ್ರೋಟಾನ್ ಇದಕ್ಕೆ ಸೇರಿದರೆ 430 ನ್ಯಾನೋಮೀಟರ್ ಬಳಿ ಹಳದಿ ಬಣ್ಣದ ಹೀರಿಕೆ ಕಾಣುತ್ತದೆ. 2,6-ಡೈ-ಟರ್ಟ್-ಬ್ಯೂಟೈಲ್ ಪಿರಿಡೀನ್ ಮೊದಲೇ ಹಾಕಿದ್ದರೆ ಆ ಬಣ್ಣ ಬರುವುದಿಲ್ಲ, ಏಕೆಂದರೆ ಅದು ಪ್ರೋಟಾನನ್ನು ಹಿಡಿಯುತ್ತದೆ, ತನ್ನ ದಪ್ಪ ಗುಂಪುಗಳಿಂದಾಗಿ ಟಿನ್‌ನ ಹತ್ತಿರ ಮಾತ್ರ ಹೋಗಲಾರದು. ಹೊಸ ಬಾಟಲಿಯಲ್ಲಿ ಬಣ್ಣ ಕಂಡೂ ಕಾಣದಂತಿತ್ತು. ಅರ್ಧ ಖಾಲಿಯಾದ ಬಾಟಲಿಯಲ್ಲಿ ಬರಿಗಣ್ಣಿಗೇ ತಿಳಿಯುವಷ್ಟಿತ್ತು. ಇದೇ ದ್ರಾವಣವನ್ನು 10 ಮಿಲಿಲೀಟರ್‌ನ ಕಾಯಿಸಿ ಬೆಸೆದು ಮುಚ್ಚಿದ ಗಾಜಿನ ಆಂಪೂಲ್‌ಗಳಲ್ಲಿ ಕೊಟ್ಟರೆ, ಬೆಲೆ ತುಸು ಹೆಚ್ಚಾದರೂ, ನಾನು ಅದನ್ನೇ ಕೊಳ್ಳುತ್ತೇನೆ.

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಂಕೇತ ಓದುವ ವಿಧಾನ) ಮಾಡುವವರು ಮಾತ್ರ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಅಲ್ಲಿ ಟ್ರೈಟಿಲ್‌ನ ಸಾಂದ್ರತೆ ಸಾವಿರಾರು ಪಟ್ಟು ಹೆಚ್ಚಿರುವುದರಿಂದ ಸ್ಥಿರಕಾರಿಯ ಪಾಲು ನಗಣ್ಯ. ಕ್ಲೋರೈಡ್‌ನಲ್ಲಿ 81 ಪಿಪಿಎಂ (ಇಲ್ಲಿ ಇದು ಸಾಂದ್ರತೆಯಲ್ಲ, ಸಂಕೇತದ ಸ್ಥಾನದ ಅಳತೆ) ಸುಮಾರಿಗೆ ಕಾಣುವ ನಡುವಿನ ಕಾರ್ಬನ್, ಪೂರ್ಣ ಅಯಾನೀಕರಣವಾದಾಗ 211ರ ಹತ್ತಿರಕ್ಕೆ ಜಿಗಿಯುತ್ತದೆ. ಬಾಟಲಿಯೊಂದಿಗೆ ಬರುವ ಸಾಮಾನ್ಯ ಡೈಕ್ಲೋರೋಮೀಥೇನ್‌ನ ಕಾರ್ಬನ್ ಸಂಕೇತ 54 ಪಿಪಿಎಂನ ಆಸುಪಾಸಿನಲ್ಲಿರುವುದರಿಂದ ಇವೆರಡಕ್ಕೂ ಅಡ್ಡ ಬರುವುದಿಲ್ಲ.